ಹೊಸಕ್ಕಿ ಊಟಕ್ಕೆ ಅಣ್ಣ ಕರೆದಿದ್ದಾನೆ, ಹೋಗ್ಲಾ?

ಕಲ್ಯಾಣಪುರದ ಅಕ್ಕಾ, ನಿಮ್ಮ ಕಾಗದ ಎರಡು ಸಲ ಓದಿದೆ. ಅಪ್ಪನ ಜಾಗದ ಪಾಲಿನ ವಿಷಯದಲ್ಲಿ ಆರು ವರ್ಷದಿಂದ ಅಣ್ಣನ ಜೊತೆ ಮಾತಿಲ್ಲ, ಕೋರ್ಟಲ್ಲಿ ಕೇಸ್ ಉಂಟು, ಈಗ ಮೊಂತಿ ಹಬ್ಬದ, ಅಂದ್ರೆ ಮರಿಯಮ್ಮನ ಹುಟ್ಟುಹಬ್ಬದ ಹೊಸಕ್ಕಿ ಊಟಕ್ಕೆ ಬಾ ಅಂತ ಅವನೇ ಫೋನ್ ಮಾಡಿದ್ದಾನೆ, "ದಿನಾ ಪೂಜೆಗೆ ಹೋಗ್ತೇನೆ, ಆದ್ರೆ ಕ್ಷಮಿಸೋಕೆ ಮನಸ್ಸೇ ಬರ್ತಿಲ್ಲ, ನಾನು ಎಂತ ಕ್ರಿಶ್ಚಿಯನ್?" ಅಂತ ಕೇಳಿದ್ದೀರಿ.

ಮನಸ್ಸು ಬರ್ಲಿ ಅಂತ ಕಾಯ್ತಾ ಕೂರಬೇಡಿ ಅಕ್ಕಾ. ಬೊಂಬಾಯಿಯಲ್ಲಿದ್ದ ನಮ್ಮ ಮಾವ, ಅಮ್ಮನ ತಮ್ಮ, ಅಜ್ಜಿಯ ಆಸ್ಪತ್ರೆ ಖರ್ಚಿನ ಲೆಕ್ಕದಲ್ಲಿ ಜಗಳ ಮಾಡಿಕೊಂಡು ಹೋದವರು ಕಾಗದ ಬರೆಯೋದನ್ನೇ ಬಿಟ್ಟಿದ್ರು. ಆದ್ರೂ ಪ್ರತಿ ಸೆಪ್ಟೆಂಬರ್ 8ಕ್ಕೆ, ಮೊಂತಿ ಹಬ್ಬದ ದಿನ, ಇಗರ್ಜಿಯಿಂದ (ಚರ್ಚಿನಿಂದ) ತಂದ ಭತ್ತದ ತೆನೆ ಬಿಡಿಸುವಾಗ ಅಮ್ಮ ನಾಲ್ಕು ಕಾಳು ತೆಗೆದು ಪೇಪರ್ ತುಂಡಲ್ಲಿ ಮಡಚಿ ಕವರಿಗೆ ಹಾಕಿ ಅವರ ಅಡ್ರೆಸ್ ಬರೆಯೋರು. ಕೋಪ ಹೋಯ್ತಾ ಅಂತ ಕೇಳಿದ್ರೆ, "ಕೋಪ ಉಂಟು, ಹೊಸಕ್ಕಿ ಎಂತ ಮಾಡಿದೆ ಪಾಪ" ಅನ್ನೋರು. ಕ್ಷಮೆ ಅಂದ್ರೆ ಎಂತ ಅಂತ ನಾನು ಕಲಿತದ್ದು ಆ ಕವರಿನಿಂದ.

ಕೇಸ್ ವಾಪಸ್ ತಗೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಬೇಕಾಗಿಲ್ಲ. 1995ರಲ್ಲಿ ಮಧ್ಯಪ್ರದೇಶದಲ್ಲಿ ಸಿಸ್ಟರ್ ರಾಣಿ ಮರಿಯಾ ಅವರನ್ನ ಸಮಂದರ್ ಸಿಂಗ್ ಇರಿದು ಕೊಂದ, 2002ರಲ್ಲಿ ಅವರ ಸ್ವಂತ ತಂಗಿ, ಅವರೂ ಸಿಸ್ಟರ್, ಜೈಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ರು. ರಾಖಿ ಕಟ್ಟಿದ್ರು ಅಂತ ಕೊಲೆ ಕೊಲೆಯಲ್ಲ ಅಂತ ಆಗ್ಲಿಲ್ಲ, ಅವನು ಆಗ ಶಿಕ್ಷೆ ಅನುಭವಿಸ್ತಾನೇ ಇದ್ದ. ನಿಮ್ಮ ಪಾಲು ನೀವು ಕೇಳಿ, ಅದು ಪಾಪ ಅಲ್ಲ, ಸುಳ್ಳು ಸಾಕ್ಷಿ ಹೇಳಿಸಬೇಡಿ ಅಷ್ಟೆ.

ಆದ್ರೆ ನಿಮ್ಮ ಕಾಗದದ ಕೊನೆಯಲ್ಲಿ ಒಂದು ಸಾಲು ಉಂಟಲ್ಲ, ಅಪ್ಪ ತೀರಿ ತಿಂಗಳಾದಾಗಿನ ಪೂಜೆ ದಿನ ಎಲ್ಲರೆದುರು ಅತ್ತಿಗೆಗೆ ಏನೋ ಅಂದುಬಿಟ್ಟೆ ಅಂತ, ನನ್ನ ಕಣ್ಣು ಅಲ್ಲೇ ನಿಂತಿತು. ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಲ್ಲಿ ಕಾಣಿಕೆಯನ್ನ ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸು ಹೇಳ್ತಾರೆ, ಯಾವಾಗ ಗೊತ್ತಾ, ನಮಗೆ ಅಣ್ಣನ ಮೇಲೆ ಸಿಟ್ಟಿದ್ದಾಗ ಅಲ್ಲ, ಅಣ್ಣನಿಗೆ ನಮ್ಮ ಮೇಲೆ ಏನೋ ಉಂಟು ಅಂತ ನೆನಪಾದಾಗ. ನಾವೆಲ್ಲ ಇದನ್ನ ಉಲ್ಟಾ ಓದ್ತೇವೆ. ಆರು ವರ್ಷದಿಂದ ನೀವು ಕ್ಷಮಿಸೋದು ಹೇಗೆ ಅಂತ ಒದ್ದಾಡಿದ್ದೀರಿ, ಕ್ಷಮೆ ಕೇಳೋದು ಬಾಕಿ ಉಂಟು.

ಹಬ್ಬದ ದಿನ ಹೋಗಿ ಅಕ್ಕಾ. ಊಟಕ್ಕೆ ಕೂರೋಕೆ ಆಗ್ಲಿಲ್ಲ ಅಂದ್ರೆ ಹೊಸಕ್ಕಿ ಪಾಯಸ ಒಂದು ಲೋಟ ಕುಡಿದು ಬನ್ನಿ. ಜಾಗದ ಮಾತು ಅಲ್ಲಿ ಬೇಡ, ಅದಕ್ಕೆ ವಕೀಲರಿದ್ದಾರೆ. ಅಡುಗೆಮನೆಗೆ ಹೋಗಿ ಅತ್ತಿಗೆ ಹತ್ರ ಆ ಒಂದು ಮಾತು ಮಾತ್ರ ಹೇಳಿ.