ಎಂಟು ಲಾರ್ಡ್‌ಗಳಿಗೂ ಸಮಪಾಲು ಬೇಡ

ನಮಸ್ಕಾರ.

ನೀವು ಕಳಿಸಿದ 'ಶ್ರೀರಂಗಪಟ್ಟಣದ ಲಾರ್ಡ್‌ಗಳು' ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕಾಯಿಸುವುದು ಬೇಡ. ಆದರೆ ವಿಷಯ ಕೈಬಿಡುವಂಥದ್ದಲ್ಲ. 'ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್' ಎಂಬ ಬಿರುದೊಂದು (ಬ್ಯಾರನ್ ಆದವನನ್ನು ಲಾರ್ಡ್ ಎಂದೇ ಕರೆಯುತ್ತಾರೆ) ಇಂಗ್ಲೆಂಡಿನ ಕೆಂಟ್ ಕಡೆಯ ಮನೆತನದಲ್ಲಿ ಇವತ್ತಿಗೂ ನಡೆದುಬಂದಿದೆ ಅನ್ನುವುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಅದಕ್ಕೇ ಇಷ್ಟು ಉದ್ದದ ಉತ್ತರ.

ದೊಡ್ಡ ತೊಂದರೆ ಯಾವುದು ಅಂದರೆ, ಮದುವೆ ಪಂಕ್ತಿಯಲ್ಲಿ ಬಡಿಸಿದ ಹಾಗೆ ಎಂಟು ಜನರ ಎಲೆಗೂ ಒಂದೇ ಅಳತೆ ಬಡಿಸಿದ್ದೀರಿ. ಒಬ್ಬ ಹುಟ್ಟಿದ, ಮದುವೆಯಾದ, ಬಿರುದು ಪಡೆದ, ತೀರಿಕೊಂಡ. ಮುಂದಿನವನದೂ ಅದೇ. ಮೊದಲ ಆರು ಜನರ ಹೆಸರಿನಲ್ಲೂ 'ಜಾರ್ಜ್' ಇದೆ ಬೇರೆ! ಬರೀ 'ಜಾರ್ಜ್' ಎಂದು ಬಂದಾಗಲೆಲ್ಲ ಯಾರ ಮಾತು ಎಂದು ಹಿಂದಿನ ಪುಟಕ್ಕೆ ಹೋಗಬೇಕಾಯಿತು. ಒಂದನೆಯ ಲಾರ್ಡ್, ಮೂರನೆಯ ಲಾರ್ಡ್ ಎಂದೇ ಬರೆಯಿರಿ.

ಆರಂಭದ ನಾಲ್ಕು ಪುಟ ಯುದ್ಧ ತೆಗೆದುಹಾಕಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತದ್ದನ್ನು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲದೆ ನಿಮ್ಮ ಹ್ಯಾರಿಸ್ ಕತ್ತಿ ಹಿಡಿದು ಕೋಟೆ ಹತ್ತುತ್ತಾನೆ. ಹಾಗೆ ಹತ್ತಿದ್ದು ಅವನ ಕೈಕೆಳಗಿನ ಸೇನಾನಿ ಡೇವಿಡ್ ಬೇರ್ಡ್. ಹ್ಯಾರಿಸ್ ಇಡೀ ಬ್ರಿಟಿಷ್ ಸೈನ್ಯದ ದಂಡನಾಯಕ. ಆಗ ಅವನಿಗೆ 53 ವರ್ಷ. ಕೋಟೆಯೊಳಗೆ ಮೊದಮೊದಲು ನುಗ್ಗಿದವರಲ್ಲಿ ಇದ್ದದ್ದು ಅವನ ಮಗ ವಿಲಿಯಂ, ಹದಿನೇಳರ ಹುಡುಗ. ವಶವಾದ ಬಾವುಟಗಳನ್ನು ಲಂಡನ್ನಿಗೆ ಒಯ್ದು ದೊರೆಗೆ ಒಪ್ಪಿಸಿದವನೂ ಅವನೇ. ಮುಂದೆ ಎರಡನೆಯ ಲಾರ್ಡ್ ಆದವನು. ಇದನ್ನು ಬಿಟ್ಟು ಅವನ ನೆಂಟರಿಷ್ಟರ ಪಟ್ಟಿ ಕೊಟ್ಟಿದ್ದೀರಿ!

ಮೊದಲನೆಯವನ ಬದುಕು ನಿಮ್ಮ ಕೈಯಲ್ಲಿ ಒಂದು ಸಾಲಾಗಿದೆ. ಅವನು ಕೆಂಟ್‌ನ ಒಬ್ಬ ಬಡ ಪಾದ್ರಿಯ ಮಗ. 1775ರಲ್ಲಿ ಅಮೆರಿಕದ ಬಂಕರ್ ಹಿಲ್ ಕಾಳಗದಲ್ಲಿ ತಲೆಗೆ ಪೆಟ್ಟು ಬಿದ್ದು, ಬುರುಡೆ ಕೊರೆದು ಚಿಕಿತ್ಸೆ ಮಾಡಿಸಿಕೊಂಡು ಬದುಕಿದವನು. ಮೂರನೆಯ ಮೈಸೂರು ಯುದ್ಧದಲ್ಲೂ ಇದ್ದವನು. ಅಂಥವನು ಲಾರ್ಡ್ ಆದದ್ದು ಹೇಗೆ ಅನ್ನುವುದೇ ಕಥೆ ಅಲ್ವಾ?

ಅಲ್ಲೇ ನೀವು ಎಡವಿದ್ದೀರಿ. 'ಗೆದ್ದ ಕೂಡಲೇ ಬ್ಯಾರನ್ ಪದವಿ ಸಿಕ್ಕಿತು' ಎಂದಿದ್ದೀರಿ. ಸಿಕ್ಕಿದ್ದು 1815ರಲ್ಲಿ, ಹದಿನಾರು ವರ್ಷ ಕಳೆದ ಮೇಲೆ. ನಡುವೆ ಅವನಿಗೆ ಐರ್ಲೆಂಡಿನ ಬಿರುದು ಕೊಡುತ್ತೇವೆಂದರು. ಬೇಡ ಎಂದ. ಬಿರುದು ಯಾರಾದರೂ ಬೇಡ ಅನ್ನುತ್ತಾರಾ? ಓದುಗ ಕೇಳುವ ಪ್ರಶ್ನೆ ಇದು. ನೀವೇ ಉತ್ತರ ಕೊಡಬೇಕು. 1801ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಪಾರ್ಲಿಮೆಂಟ್ ಒಂದಾದ ಮೇಲೆ ಐರ್ಲೆಂಡಿನ ಲಾರ್ಡ್‌ಗಳಿಗೆಲ್ಲ ಅದರ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಾನಾಗಿ ಕುರ್ಚಿ ಇರಲಿಲ್ಲ. ತಮ್ಮೊಳಗೆ 28 ಜನರನ್ನು ಆರಿಸಿ ಕಳಿಸಬೇಕಿತ್ತು. ಹಾಗಾಗಿ ಆ ಬಿರುದಿಗೆ ಒಂದು ತೂಕ ಕಡಿಮೆ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೂ ಇದೇ ಯುದ್ಧಕ್ಕಾಗಿ ಐರ್ಲೆಂಡಿನ ಮಾರ್ಕ್ವಿಸ್ ಪದವಿ (ಬ್ಯಾರನ್‌ಗಿಂತ ಮೇಲಿನದು) ಕೊಟ್ಟರು. ಅವನು ಸಿಟ್ಟಿನಿಂದ ಅದನ್ನು ಎರಡು ಸಲ ಚಿನ್ನದ ನೀರು ಹಾಯಿಸಿದ ಆಲೂಗಡ್ಡೆ ಎಂದ. ಇಂಥ ಮಾತು ಸಿಕ್ಕರೆ ಬಿಡಬಾರದು.

ಅದೇ ವರ್ಷಗಳಲ್ಲಿ ಇನ್ನೊಂದು ವ್ಯವಹಾರ ನಡೆಯುತ್ತಿತ್ತು. ಶ್ರೀರಂಗಪಟ್ಟಣದ ಖಜಾನೆಯ ಲೂಟಿಯನ್ನು ಪ್ರೈಸ್ ಮನಿ ಎಂದು ಸೈನ್ಯದಲ್ಲಿ ಹಂಚಿಕೊಂಡರು. ಹ್ಯಾರಿಸ್ ತನಗೆ ಸಲ್ಲುವುದಕ್ಕಿಂತ ಜಾಸ್ತಿ ಪಾಲು ತೆಗೆದುಕೊಂಡ ಎಂದು ಈಸ್ಟ್ ಇಂಡಿಯಾ ಕಂಪನಿಯೇ ತಕರಾರು ಎತ್ತಿತು. ಪ್ರಕರಣ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅವನೇ ಗೆದ್ದ. 1801ರಲ್ಲಿ ಕೆಂಟ್‌ನ ಫೇವರ್‌ಶಾಮ್ ಹತ್ತಿರ ಬೆಲ್ಮಾಂಟ್ ಎಂಬ ಬಂಗಲೆಯನ್ನು, ಸುತ್ತಲಿನ ಎಸ್ಟೇಟ್ ಸಮೇತ, ಕೊಂಡ. ಪಾದ್ರಿಯ ಮಗನಿಗೆ ಅಷ್ಟು ಹಣ ಎಲ್ಲಿಂದ ಬಂತು ಎಂದು ನೀವು ಕೇಳಲೇ ಇಲ್ಲ. ಬಿರುದಿನ ಪೂರ್ತಿ ಹೆಸರಿನಲ್ಲಿ ಶ್ರೀರಂಗಪಟ್ಟಣ, ಮೈಸೂರಿನ ಜೊತೆ ಬೆಲ್ಮಾಂಟ್ ಕೂಡ ಇದೆ. ಲೂಟಿಯಾದ ಊರು, ಆ ಹಣದ ಮನೆ, ಎರಡೂ ಒಂದೇ ಸಾಲಿನಲ್ಲಿ! ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು.

'ಮೈಸೂರನ್ನು ಹ್ಯಾರಿಸ್‌ಗೆ ಬರೆದುಕೊಟ್ಟರು' ಎಂಬ ವಾಕ್ಯ ಪೂರ್ತಿ ತಪ್ಪು. ಬಿರುದಿನಲ್ಲಿ ಬರುವ ಊರಿನ ಹೆಸರು ಗೆಲುವಿನ ನೆನಪಿಗೆ, ಅಷ್ಟೇ. ನೆಲ್ಸನ್ ಕೂಡ 'ನೈಲ್‌ನ ಬ್ಯಾರನ್' ಆದ. ನದಿ ಅವನದಾಯಿತಾ? ಮೈಸೂರಿನ ಗದ್ದುಗೆಯಲ್ಲಿ 1799ರ ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ಇಟ್ಟುಕೊಂಡಿತು. ಹ್ಯಾರಿಸ್ ಮನೆತನಕ್ಕೆ ಅಲ್ಲಿ ಒಂದು ಗುಂಟೆಯೂ ಬಿರುದಿನಿಂದ ಬರಲಿಲ್ಲ.

ಇದರ ಇನ್ನೊಂದು ಮಗ್ಗುಲು ನಿಮ್ಮ ಕಣ್ಣೆದುರೇ ಇದೆ, ನೀವು ನೋಡಿಲ್ಲ. ಮೂರನೆಯ ಲಾರ್ಡ್ ಟ್ರಿನಿಡಾಡ್‌ನಲ್ಲಿ ಗವರ್ನರ್ ಆಗಿದ್ದು, 1854ರಿಂದ 1859ರವರೆಗೆ ಮದರಾಸಿನ ಗವರ್ನರ್ ಆದ. ಕೆನರಾ ಮತ್ತು ಬಳ್ಳಾರಿ ಆಗ ಮದರಾಸಿಗೆ ಸೇರಿದ್ದವು. ನಾಲ್ಕನೆಯವನು 1890ರಿಂದ 1895ರವರೆಗೆ ಮುಂಬಯಿ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲ ಅವನ ಕೈಕೆಳಗೆ. ಹೆಸರಿನಲ್ಲಿದ್ದ ಮೈಸೂರನ್ನು ಈ ಮನೆತನದ ಯಾರೂ ಆಳಲಿಲ್ಲ. ಹೆಸರಿನಲ್ಲಿಲ್ಲದ ಕನ್ನಡ ಜಿಲ್ಲೆಗಳನ್ನು ಇಬ್ಬರು ಆಳಿದರು. ಅದೂ ಬಿರುದಿನ ಹಕ್ಕಿನಿಂದಲ್ಲ, ಸರ್ಕಾರ ಕೊಟ್ಟ ನೌಕರಿಯಿಂದ. ಲೇಖನದ ಹೊಸ ಮಾತು ಇದು. ಇದಕ್ಕೆ ಜಾಗ ಕೊಡಿ.

ನಾಲ್ಕನೆಯವನ ಬಗ್ಗೆ 'ಭಾರತಕ್ಕೆ ಕ್ರಿಕೆಟ್ ತಂದವನು' ಎಂದಿದ್ದೀರಿ. ತರಲಿಲ್ಲ. ಪಾರ್ಸಿಗಳು 1886ರಲ್ಲೇ ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದ್ದರು. ಇವನು ಬರುವ ಮೊದಲೇ, 1890ರ ಜನವರಿಯಲ್ಲಿ, ವರ್ನನ್ ಕರೆತಂದ ಇಂಗ್ಲಿಷ್ ತಂಡವನ್ನು ಮುಂಬಯಿಯಲ್ಲಿ ಸೋಲಿಸಿದ್ದರು. ಆದರೆ ಇವನು ಕ್ರಿಕೆಟ್ ಹುಚ್ಚ ಎನ್ನುವುದು ನಿಜ. 1880ರಲ್ಲಿ ಇಂಗ್ಲೆಂಡಿನ ನೆಲದ ಮೊದಲ ಟೆಸ್ಟ್ ಓವಲ್‌ನಲ್ಲಿ ನಡೆದಾಗ ಇಂಗ್ಲೆಂಡಿನ ನಾಯಕ ಇವನೇ. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸ್ಲಿಂ ಗಲಭೆ ನಡೆಯುತ್ತಿದ್ದರೆ ಇವನು ಪುಣೆಯಲ್ಲಿದ್ದ. ಊರಿಗೆ ತಡವಾಗಿ ಬಂದ ಎಂಬ ಟೀಕೆ ಆಗಲೇ ಇತ್ತು. ಮುಂಬಯಿ ಶಾಲೆಗಳ ಕ್ರಿಕೆಟ್ ಪಂದ್ಯಾವಳಿ ಹ್ಯಾರಿಸ್ ಶೀಲ್ಡ್ ಇವನ ಹೆಸರಿನದು. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಅದರಲ್ಲೇ. ಇದು ಗೊತ್ತಾದರೆ ನಮ್ಮ ಹುಡುಗರೂ ಕೂತು ಓದುತ್ತಾರೆ.

ಐದರಿಂದ ಎಂಟನೆಯವರೆಗೆ ಒಂದೇ ಪ್ಯಾರಾ ಸಾಕು. ಐದನೆಯವನ ಗಡಿಯಾರ ಸಂಗ್ರಹ, ಗಂಡುಮಕ್ಕಳಿಲ್ಲದ ಆರನೆಯವನು 1995ರಲ್ಲಿ ತೀರಿಕೊಂಡಾಗ ಬಿರುದು ದಾಯಾದಿಗೆ ಹೋದದ್ದು, ಬೆಲ್ಮಾಂಟ್ ಈಗ ಟ್ರಸ್ಟ್ ಕೈಯಲ್ಲಿ ಇರುವುದು. 1999ರ ಕಾಯ್ದೆ ಮಾತ್ರ ಬಿಡಬೇಡಿ. ಹುಟ್ಟಿನಿಂದ ಲಾರ್ಡ್ ಆದವರಲ್ಲಿ 92 ಜನರನ್ನು ಬಿಟ್ಟು ಉಳಿದವರೆಲ್ಲ ಅಂದು ಹೌಸ್ ಆಫ್ ಲಾರ್ಡ್ಸ್‌ನಿಂದ ಹೊರಬಿದ್ದರು. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ಇನ್ನೂರು ವರ್ಷಕ್ಕೆ.

ಕೊನೆಯದಾಗಿ ಭಾಷೆ. 'ರಕ್ತಪಿಪಾಸು', 'ಕುತಂತ್ರಿ', 'ನರರಾಕ್ಷಸ' ಪುಟಪುಟದಲ್ಲೂ ಇವೆ. ಎಲ್ಲವನ್ನೂ ಹೊಡೆದುಹಾಕಿ. ಕಂಪನಿಯೇ ತನ್ನ ಸೇನಾನಿಯ ಮೇಲೆ ಲೂಟಿಯ ಪಾಲಿಗಾಗಿ ಕೋರ್ಟಿಗೆ ಹೋದ ಸಂಗತಿಯ ಪಕ್ಕ ಈ ಬೈಗುಳ ಸಪ್ಪೆಯಾಗಿ ಕಾಣುತ್ತವೆ.

ಹದಿನೆಂಟು ಪುಟವನ್ನು ಎಂಟಕ್ಕೆ ಇಳಿಸಿ. ಅದರಲ್ಲಿ ಮೂರು ಪುಟ ಮೊದಲನೆಯವನಿಗೆ, ಅರ್ಧ ಪುಟ ಅವನ ಮಗನಿಗೆ, ಹೆಚ್ಚಿನ ಪಾಲು ಇಬ್ಬರು ಗವರ್ನರ್‌ಗಳಿಗೆ. ವಂಶವೃಕ್ಷದ ಚಿತ್ರ ಬೇಕಾಗಿಲ್ಲ. ತಿದ್ದಿದ ಪ್ರತಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ