ಬ್ಯಾಟರಿ ಬಾಕ್ಸ್‌ಗೆ ಒದ್ದರೆ ಸ್ಟಾರ್ಟ್ ಆಗುವ ಲಾರಿ

ಪ್ರಶ್ನೆ: ಸ್ವಂತ ಲಾರಿ, ನಾನೇ ಓಡಿಸುತ್ತೇನೆ. ಬಿಎಸ್ 4 ಗಾಡಿ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ತುಮಕೂರು, ಬೆಂಗಳೂರು ಕಡೆ ಹೋಗುತ್ತೇನೆ. ಸಿರಿಗೆರೆ ಕ್ರಾಸಲ್ಲೋ ಹಿರಿಯೂರಲ್ಲೋ ಊಟಕ್ಕೆ ನಿಲ್ಲಿಸಿ, ಬಂದು ಕೀ ತಿರುವಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಡ್ಯಾಶ್‌ಬೋರ್ಡ್ ಸಮೇತ ಎಲ್ಲ ಬಂದ್, ಹಾರ್ನ್ ಕೂಡ ಇಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಕೆಲವು ಸಲ ತಾನೇ ಸರಿಹೋಗುತ್ತದೆ. ಬ್ಯಾಟರಿ ವೀಕ್ ಅಂದರು, ಎರಡರಲ್ಲಿ ಒಂದನ್ನು ಹೊಸದು ಹಾಕಿಸಿದೆ. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಬದಲಿಸಿ ಎನ್ನುತ್ತಿದ್ದಾರೆ. ನಮ್ಮ ಕ್ಲೀನರ್ ಹುಡುಗ ಬ್ಯಾಟರಿ ಬಾಕ್ಸ್‌ಗೆ ಒಂದು ಒದ್ದರೆ ಮಾತ್ರ ಸ್ಟಾರ್ಟ್ ಆಗುತ್ತದೆ! ಏನು ಮಾಡಲಿ?
— ಲಾರಿ ಮಾಲೀಕರು, ಭರಮಸಾಗರ

ಉತ್ತರ: ಸೆಲ್ಫ್ ಬಿಚ್ಚಿಸಬೇಡಿ ಯಜಮಾನ್ರೇ. ಹುಡುಗ ಒದ್ದರೆ ಸ್ಟಾರ್ಟ್ ಆಗುತ್ತೆ ಅಂತ ಕಾಗದದ ಕೊನೆಯಲ್ಲಿ ತಮಾಷೆಗೆ ಬರೆದಿದ್ದೀರಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ಚಾರ್ಜ್ ಇಳಿದ ಬ್ಯಾಟರಿಗೆ ಎಷ್ಟು ಒದ್ದರೂ ಕರೆಂಟ್ ಹುಟ್ಟುವುದಿಲ್ಲ. ಒಳಗಿನ ಕಾರ್ಬನ್ ಬ್ರಷ್ ಸವೆದ ಸೆಲ್ಫ್‌ಗೆ ತಟ್ಟಿದರೆ ಒಮ್ಮೊಮ್ಮೆ ತಿರುಗುತ್ತೆ, ನಿಜ. ಆದರೆ ಅದಕ್ಕೆ ಸೆಲ್ಫ್ ಮೇಲೇ ತಟ್ಟಬೇಕು. ಬಾಕ್ಸ್ ಅಲುಗಿದಾಗ ಗಾಡಿಗೆ ಜೀವ ಬರುತ್ತೆ ಅಂದರೆ ಆ ಬಾಕ್ಸಿನ ಸುತ್ತಮುತ್ತ ಎಲ್ಲೋ ಒಂದು ಜಾಯಿಂಟ್ ಕೈಕೊಟ್ಟಿದೆ.

ಇನ್ನೊಂದು ಸುಳಿವು, ಎಲ್ಲ ಒಟ್ಟಿಗೆ ಹೋಗುವುದು. ಒಂದು ಮನೆಯಲ್ಲಿ ಕರೆಂಟ್ ಹೋದರೆ ಫ್ಯೂಸ್ ನೋಡುತ್ತೀರಿ, ಇಡೀ ಬೀದಿಯಲ್ಲಿ ಹೋದರೆ ಟ್ರಾನ್ಸ್‌ಫಾರ್ಮರ್ ಕಡೆ ನೋಡುತ್ತೀರಿ. ಸೆಲ್ಫ್, ಹಾರ್ನ್, ಡ್ಯಾಶ್‌ಬೋರ್ಡ್ ಮೂರಕ್ಕೂ ಸೇರಿದ ದಾರಿ ತೀರಾ ಚಿಕ್ಕದು: ಬ್ಯಾಟರಿ ಟರ್ಮಿನಲ್‌ಗಳು, ಎರಡು ಬ್ಯಾಟರಿ ನಡುವಿನ ಲಿಂಕ್ ಕೇಬಲ್, ಬ್ಯಾಟರಿ ಸಂಪರ್ಕ ಪೂರಾ ಕಡಿಯುವ ಕಟ್ ಆಫ್ ಸ್ವಿಚ್, ಮೈನಸ್ಸಿನಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಹೋಗುವ ಅರ್ಥ್ ಕೇಬಲ್. ಹುಡುಕಬೇಕಾದದ್ದು ಇಷ್ಟರಲ್ಲೇ. ಬ್ಯಾಟರಿ ನಿಜವಾಗಿ ವೀಕ್ ಆಗಿದ್ದರೆ ಕೀ ತಿರುವಿದಾಗ ಲೈಟ್ ಮಂಕಾಗಿ, ಸೆಲ್ಫಿನ ಸ್ವಿಚ್ಚಾದ ಸೊಲಿನಾಯ್ಡ್ ಟಕ ಟಕ ಟಕ ಅಂತ ಬಡಿದುಕೊಳ್ಳುತ್ತಿತ್ತು. ಸೆಲ್ಫ್ ಹೋಗಿದ್ದರೆ ಸಾಮಾನ್ಯವಾಗಿ ಲೈಟ್ ಚೆನ್ನಾಗೇ ಉರಿಯುತ್ತಿರುತ್ತೆ, ಇಂಜಿನ್ ಮಾತ್ರ ತಿರುಗಲ್ಲ. ನಿಮ್ಮ ಹಾಗೆ ಒಂದೇ ಟಕ್ಕಿಗೆ ಎಲ್ಲ ಕತ್ತಲಾಗುವುದು ಜಾಯಿಂಟ್ ಬಿಟ್ಟ ಲಕ್ಷಣ.

"ಹೆಡ್‌ಲೈಟ್ ಉರೀತಿತ್ತಲ್ಲ, ಜಾಯಿಂಟ್ ಹೇಗೆ ಹೋಗಿರುತ್ತೆ" ಅಂತ ತುಂಬಾ ಜನ ವಾದ ಮಾಡುತ್ತಾರೆ. ಲೆಕ್ಕ ನೋಡಿ. ಕಿಲುಬು ಹಿಡಿದ ಜಾಯಿಂಟಲ್ಲಿ ಬರೀ 0.1 ಓಮ್ ಅಡ್ಡಿ ಇದೆ ಅಂದುಕೊಳ್ಳಿ. 24 ವೋಲ್ಟಿನ 70 ವಾಟ್ ಬಲ್ಬು ಎಳೆಯುವುದು ಸುಮಾರು 3 ಆಂಪಿಯರ್, ಆ ಜಾಯಿಂಟಲ್ಲಿ ನಷ್ಟವಾಗುವುದು 0.3 ವೋಲ್ಟ್. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅದೇ ಸೆಲ್ಫ್‌ಗೆ 300 ಆಂಪಿಯರ್ ಬೇಕು ಅಂದರೆ ಆ ಒಂದು ಜಾಯಿಂಟ್ ದಾಟಲಿಕ್ಕೇ 30 ವೋಲ್ಟ್ ಬೇಕು. ಎರಡು ಬ್ಯಾಟರಿ ಸೇರಿಸಿದರೂ ನಿಮ್ಮ ಹತ್ತಿರ ಇರುವುದು 24! ಜಾಯಿಂಟ್ ಬಿಸಿಯಾಗುತ್ತೆ, ಇದ್ದಬದ್ದ ಸಂಪರ್ಕವೂ ಬಿಟ್ಟುಹೋಗುತ್ತೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತೆ. ಹೊಸ ಬ್ಯಾಟರಿ ಹಾಕಿದಾಗ ಹದಿನೈದು ದಿನ ಓಡಿತು ಅಂದಿರಲ್ಲ, ಅದರಲ್ಲಿ ಬ್ಯಾಟರಿಯ ಹೆಚ್ಚುಗಾರಿಕೆ ಏನಿಲ್ಲ. ಹಾಕುವಾಗ ಕ್ಲ್ಯಾಂಪ್ ಬಿಚ್ಚಿ ಕಟ್ಟಿದರು, ಅದರ ಪುಣ್ಯ.

ಹಾಗಾಗಿ ಗಾಡಿ ಆಫ್ ಮಾಡಿ, ಬ್ಯಾಟರಿ ಮೇಲೆ ಮೀಟರ್ ಇಟ್ಟು "25 ತೋರಿಸ್ತಿದೆ, ಎಲ್ಲ ಸರಿ ಇದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರೆ ಬಿದ್ದಾಗಲೇ ಅಳೆಯಬೇಕು. ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಹೀಗೆ ಮಾಡಿಸಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮೀಟರಿನ ಒಂದು ವೈರಿನ ಮುಳ್ಳು ಅರ್ಥ್ ಹೋಗುವ ಮೈನಸ್ ಕಡೆಯ ಸೀಸದ ಕಂಬದ (ಟರ್ಮಿನಲ್) ಮೇಲೇ, ಕ್ಲ್ಯಾಂಪ್ ಮೇಲಲ್ಲ, ಇನ್ನೊಂದು ಮುಳ್ಳು ಸೆಲ್ಫಿನ ಬಾಡಿ ಮೇಲೆ. ಹುಡುಗ ಕೀ ಹೊಡೆಯಲಿ. ಅರ್ಧ ವೋಲ್ಟಿನೊಳಗೆ ಇದ್ದರೆ ಅರ್ಥ್ ಸರಿ ಇದೆ. ಒಂದು ದಾಟಿದರೆ ಆ ದಾರಿಯಲ್ಲೇ ದೋಷ. ಆಮೇಲೆ ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ಕೇಬಲ್ ಬೋಲ್ಟಿಗೆ ಇದೇ ರೀತಿ. ತಪ್ಪು ಸಿಕ್ಕ ಕಡೆ ಒಂದೊಂದೇ ಜಾಯಿಂಟ್ ಮೇಲೆ ಮುಳ್ಳು ಇಡುತ್ತಾ ಬನ್ನಿ: ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ, ಲಿಂಕ್ ಕೇಬಲ್ಲಿನ ಎರಡು ತುದಿ (ಇದನ್ನು ಮೇಲಿನ ಎರಡು ಅಳತೆ ಸರಿ ಬಂದರೂ ನೋಡಿ), ಕಟ್ ಆಫ್ ಸ್ವಿಚ್ಚಿನ ಎರಡು ಬೋಲ್ಟ್. ಕಳ್ಳ ಇರುವ ಜಾಗದಲ್ಲಿ ಮೀಟರ್ ಏರುತ್ತೆ.

ಅದೇ ಹೊತ್ತಿಗೆ ಎರಡು ಬ್ಯಾಟರಿಗಳನ್ನೂ ಬೇರೆ ಬೇರೆ ಅಳೆದುಬಿಡಿ. ಸುಮ್ಮನಿದ್ದಾಗ ಒಂದೊಂದೂ 12.6ರ ಆಸುಪಾಸು, ಸೆಲ್ಫ್ ಹೊಡೆವಾಗ 10ಕ್ಕಿಂತ ಕೆಳಗೆ ಬೀಳಬಾರದು. ಹಳೇದು ಒಮ್ಮೆಲೇ ಸೊನ್ನೆ ಹತ್ತಿರ ಬಿದ್ದರೆ ಅದರ ಒಳಗಿನ ಕನೆಕ್ಷನ್ನೇ ಬಿರುಕುಬಿಟ್ಟಿದೆ. ಅಂಥ ಬ್ಯಾಟರಿಯೂ ಒದೆಗೆ ಬಗ್ಗುತ್ತೆ!

ನನ್ನ ಅನುಮಾನ ಕೇಳಿದರೆ, ಮೊದಲು ಅರ್ಥ್. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹತ್ತಿರ ಬಂದಾಗ ಚಾಸಿಗೆಲ್ಲ ಬಣ್ಣ ಹೊಡೆಸುತ್ತೀರಿ, ಪೇಂಟರ್ ಅರ್ಥ್ ಬೋಲ್ಟನ್ನೂ ಬಿಡುವುದಿಲ್ಲ. ಬೋಲ್ಟ್ ಬಿಚ್ಚಿ, ಕೇಬಲ್ ತುದಿಯ ಲಗ್ ಕೂರುವ ಜಾಗವನ್ನು ಕಬ್ಬಿಣ ಹೊಳೆಯುವ ತನಕ ಉಜ್ಜಿ ಬಿಗಿಮಾಡಿ. ಇಂಜಿನ್ನಿಂದ ಚಾಸಿಗೆ ಬರುವ ಹೆಣೆದ ಪಟ್ಟಿಯನ್ನೂ ನೋಡಿ, ಎಳೆ ಎಳೆಯಾಗಿ ಹರಿದಿರುತ್ತೆ. ಎರಡನೆಯದು ಕಟ್ ಆಫ್ ಸ್ವಿಚ್. ಭೀಮಸಮುದ್ರದ ಕಡೆ ಅದಿರು ಹೊಡೆಯುವ ಗಾಡಿಗಳಲ್ಲಿ ಧೂಳು, ವಾಟರ್ ಸರ್ವಿಸ್ ನೀರು ಎರಡೂ ಒಳಗೆ ಸೇರಿ ಅದರ ತಾಮ್ರ ಸುಟ್ಟು ಕಪ್ಪಾಗಿರುತ್ತೆ. ಮೂರನೆಯದು ಕಣ್ಣಿಗೆ ಕಾಣದ್ದು. ಕೇಬಲ್ ಲಗ್ ಹತ್ತಿರ ರಬ್ಬರ್ ಒತ್ತಿ ನೋಡಿ, ಪುಸುಪುಸು ಅಂದರೆ ಕತ್ತರಿಸಿ ತೆಗೆಯಿರಿ. ಒಳಗೆ ತಾಮ್ರ ಹಸಿರು ಪುಡಿಯಾಗಿರುತ್ತೆ. ಅಂಥದ್ದಕ್ಕೆ ಹೊಸ ಕೇಬಲ್ಲೇ ಮದ್ದು, ಟೇಪ್ ಸುತ್ತಿ ಮುಂದೂಡಬೇಡಿ. ಟರ್ಮಿನಲ್ ಮೇಲಿನ ಬಿಳಿ ಬೂಷ್ಟಿಗೆ ಬಿಸಿನೀರು, ಅಡುಗೆ ಸೋಡ ಸಾಕು, ಸೆಲ್ಲಿನೊಳಗೆ ಹೋಗದಂತೆ ನೋಡಿಕೊಳ್ಳಿ. ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್.

ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಬೀಡಿ ದೂರ ಇರಲಿ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ. ಈ ಕೆಲಸ ಮುಂದೂಡಬೇಡಿ ಅನ್ನಲಿಕ್ಕೆ ಇನ್ನೊಂದು ಕಾರಣವೂ ಇದೆ. ಓಡುವಾಗ ಆ ಜಾಯಿಂಟ್ ಬಿಟ್ಟರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುಡಬಹುದು. ಆಗ ಖರ್ಚು ಬ್ಯಾಟರಿಗಿಂತ ಎಷ್ಟೋ ಪಟ್ಟು.

ಪ್ರಶ್ನೆ: ಶೇಂಗಾ ಹೊಡೆಯುವ ಗಾಡಿ. ಎರಡು ಬ್ಯಾಟರಿಯಲ್ಲಿ ಯಾವಾಗಲೂ ಒಂದೇ ಬೇಗ ಸಾಯುತ್ತದೆ, ಇನ್ನೊಂದರಲ್ಲಿ ನೀರು ಬೇಗ ಇಳಿಯುತ್ತದೆ. ಯಾಕೆ?
— ಓದುಗರು, ಚಳ್ಳಕೆರೆ

ಉತ್ತರ: ಹಾಡಿನ ಸೆಟ್ ಎಲ್ಲಿಂದ ಎಳೆದಿದ್ದೀರಿ? 12 ವೋಲ್ಟ್ ಬೇಕು ಅಂತ ಒಂದೇ ಬ್ಯಾಟರಿಯಿಂದ ವೈರ್ ತೆಗೆದಿದ್ದರೆ ಅದು ಸದಾ ಅರ್ಧ ಹೊಟ್ಟೆ, ಇನ್ನೊಂದಕ್ಕೆ ಅತಿ ಚಾರ್ಜ್, ನೀರು ಕುದಿಯುತ್ತೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಬ್ಯಾಟರಿ ಬದಲಿಸಿದರೆ ಜೋಡಿಯಾಗೇ ಬದಲಿಸಿ. ಭರಮಸಾಗರದವರೂ ಇದನ್ನು ಓದಿಕೊಳ್ಳಲಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. ನಿಮ್ಮ ಕಡೆಯ ಬೋರ್ ನೀರು ಕೊಡಪಾನದಲ್ಲೇ ಬಿಳಿ ಕಟ್ಟುತ್ತೆ, ಪ್ಲೇಟನ್ನು ಬಿಡುತ್ತದೆಯೇ?

ಪ್ರಶ್ನೆ: ದಾರಿಯಲ್ಲಿ ನಿಂತ ಲಾರಿಗೆ ಪಿಕಪ್ ಗಾಡಿಯ ಬ್ಯಾಟರಿಯಿಂದ ಜಂಪ್ ಕೊಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಪಿಕಪ್ 12 ವೋಲ್ಟ್, ಲಾರಿ 24. ಇನ್ನೊಂದು ಲಾರಿಯನ್ನೇ ನಿಲ್ಲಿಸಿ ಕೇಳಿ. ಪ್ಲಸ್ಸಿಗೆ ಪ್ಲಸ್, ಮೈನಸ್ ತುದಿಯನ್ನು ನಿಂತ ಗಾಡಿಯ ಚಾಸಿಗೆ, ಬ್ಯಾಟರಿಯಿಂದ ದೂರ ಕಚ್ಚಿಸಿ. ಜಂಪ್ ಕೊಟ್ಟರೂ ಸೆಲ್ಫ್ ತಿರುಗದಿದ್ದರೆ ಮೇಲಿನ ಮೊದಲ ಉತ್ತರ ನೋಡಿ.