ಸತ್ತ ಆಕಳನ್ನು ಕೊಯ್ಯಬೇಡಿ, ಮೊದಲು ಡಾಕ್ಟರಿಗೆ ತಿಳಿಸಿ

ಶಿಗ್ಗಾಂವಿ ಹತ್ತಿರದ ನಿಮ್ಮ ಕೊಟ್ಟಿಗೆಯಲ್ಲಿ ಆಕಳು ರಾತ್ರೋರಾತ್ರಿ ಸತ್ತಿದೆ, ಮೂಗಿನಿಂದ ಕಪ್ಪು ರಕ್ತ ಬರುತ್ತಿದೆ, ಚರ್ಮ ಸುಲಿಯಲು ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಸಾಕಿದ ಆಕಳು ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೆ ಈ ಲಕ್ಷಣಕ್ಕೆ ಮೊದಲು ಅನುಮಾನ ಪಡಬೇಕಾದ್ದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ. ಅದು ಮನುಷ್ಯರಿಗೂ ಬರುತ್ತದೆ. ದೇಹ ಕೊಯ್ದು ರಕ್ತಕ್ಕೆ ಗಾಳಿ ತಾಗಿದರೆ ರೋಗಾಣು ಗಟ್ಟಿ ಬೀಜಕಗಳಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಅದಕ್ಕೇ ಇಂಥ ಸಾವಿನಲ್ಲಿ ಪೋಸ್ಟ್‌ಮಾರ್ಟಂ ಕೂಡ ಮಾಡುವುದಿಲ್ಲ.

ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ. ಅವರು ಬರುವವರೆಗೆ ನಾಯಿ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಉಳಿದ ದನಗಳನ್ನು ಬೇರೆ ಕಡೆ ಕಟ್ಟಿ. ಅವುಗಳಿಗೆ ಲಸಿಕೆ ಬೇಕಾ ಅಂತ ಡಾಕ್ಟರನ್ನೇ ಕೇಳಿ.

ಅವರು ಹೂಳಲು ಹೇಳಿದರೆ ಆರು ಅಡಿಗಿಂತ ಕಡಿಮೆ ಗುಂಡಿ ಬೇಡ. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ ಇರಲಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೇಲೆ ಹೂತರೆ ನಾಯಿಗಳು ಕೆದರುತ್ತವೆ. ದೇಹದ ಕೆಳಗೂ ಮೇಲೂ ಸುಣ್ಣ ಹಾಕಿ. ರಕ್ತ ಬಿದ್ದ ಮಣ್ಣು, ಹಾಸಿದ ಹುಲ್ಲು ಎಲ್ಲಾ ಅದೇ ಗುಂಡಿಗೆ ಹೋಗಲಿ. ಜೆಸಿಬಿ ಬಾಡಿಗೆ ಜಾಸ್ತಿ ಆಯ್ತು ಅಂತ ಸುಮ್ನೆ ಹಳ್ಳಕ್ಕೆ ಎಸೆಯಬೇಡಿ.

ವಿಮೆ ಇದ್ದರೆ ಕಿವಿಯ ಓಲೆ ಮುಟ್ಟಬೇಡಿ. ಅದರ ನಂಬರ್ ಕಾಣುವಂತೆ ದೂರದಿಂದ ಫೋಟೋ ತೆಗೆದು, ಹೂಳುವ ಮೊದಲೇ ಕಂಪನಿಗೆ ತಿಳಿಸಿ.